ಕಡಲ ಹೆದ್ದಾರಿಯ ಯಾವ ಭಾಗ ನಮಗೆ?

ಸೋಮಂದೇಪಲ್ಲಿ, ಹಿಂದೂಪುರ, ಪೆನುಕೊಂಡೆಗಳ ಕಡೆಯ ನಮ್ಮ ಕನ್ನಡ ಕುಟುಂಬಗಳು ರಜೆಯಲ್ಲಿ ಕಡಲನ್ನು ನೋಡಲು ಹೊರಟಾಗ, ತಲಪಾಡಿಯಿಂದ ಕಾರವಾರದವರೆಗೆ ಸುಮಾರು 300 ಕಿಲೋಮೀಟರು ಚಾಚಿಕೊಂಡಿರುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನೆಲ್ಲ ಎರಡೇ ದಿನಗಳಲ್ಲಿ ಸುತ್ತಿಬರಬೇಕೆಂದು ಹಂಬಲಿಸುವುದು ಸಹಜವಾದರೂ ಅದು ಯುಕ್ತವಾದ ಕ್ರಮವಲ್ಲ. ಆ ಹೆದ್ದಾರಿ ತೆಂಗಿನ ತೋಟಗಳ, ಪೇಟೆಗಳ, ಗುಡ್ಡಗಳ ನಡುವೆಯೇ ಬಹುಪಾಲು ಸಾಗುತ್ತದೆ. ಕಡಲು ಕಣ್ಣಿಗೆ ಬೀಳುವ ಸ್ಥಳಗಳು ಕೆಲವೇ. ಆದುದರಿಂದ ಒಂದು ಭಾಗವನ್ನು ಆರಿಸಿ, ಅದನ್ನೇ ಸಾವಧಾನವಾಗಿ ನೋಡತಕ್ಕದ್ದು.

ಮೊದಲು ಋತುವನ್ನು ನಿಶ್ಚಯಿಸಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಮಳೆ ಮನೋಹರವಾದರೂ ಸಮುದ್ರ ಉಗ್ರವಾಗಿರುತ್ತದೆ, ದಾರಿಯೂ ನಿರಪಾಯವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದುದು ಇದೇ ಹೆದ್ದಾರಿಯಲ್ಲಿ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ.

ಬಳಿಕ ಭಾಗದ ಆಯ್ಕೆ. ದೇವದರ್ಶನವೇ ಪ್ರಧಾನವಾದವರಿಗೆ ಮಂಗಳೂರು–ಉಡುಪಿ ಸಾಕು. ಬೆಟ್ಟಗಳು ಕಡಲಿಗೇ ಬಂದು ನಿಲ್ಲುವ ಗಾಂಭೀರ್ಯವನ್ನು ಬಯಸುವವರಿಗೆ, ತರುಣ ರವೀಂದ್ರನಾಥ ಠಾಕೂರರನ್ನು ಮುಗ್ಧಗೊಳಿಸಿದ ಕಾರವಾರ ಇದೆ. ಆದರೆ ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಮೊದಲ ಸಲ ಹೋಗುವವರಿಗೆ ನಾನು ನಿಸ್ಸಂದೇಹವಾಗಿ ಸೂಚಿಸುವುದು ಕುಂದಾಪುರದಿಂದ ಹೊನ್ನಾವರದವರೆಗಿನ, ಸರಿಸುಮಾರು 90 ಕಿಲೋಮೀಟರಿನ ದಾರಿಯನ್ನು. ಪೆನ್ನೆಯ ಪಾತ್ರದಲ್ಲಿ ನೀರಿಗಿಂತ ಮರಳನ್ನೇ ಹೆಚ್ಚಾಗಿ ಕಂಡಿರುವ ನಮಗೆ, ಮರವಂತೆಯಲ್ಲಿ ರಸ್ತೆಯ ಪಶ್ಚಿಮಕ್ಕೆ ಅರಬ್ಬಿ ಸಮುದ್ರವೂ ಪೂರ್ವಕ್ಕೆ ತುಂಬಿದ ಸೌಪರ್ಣಿಕೆಯೂ ಏಕಕಾಲದಲ್ಲಿ ಗೋಚರಿಸುವುದು ಪರಮವಿಸ್ಮಯ. ಕಡಲಿನ ಸನಿಹಕ್ಕೆ ಬಂದ ನದಿ ಅಲ್ಲಿ ಅದನ್ನು ಕೂಡದೆ ತಿರುಗಿ, ದಡಕ್ಕೆ ಸಮಾನಾಂತರವಾಗಿ ಹರಿದು, ಗಂಗೊಳ್ಳಿಯ ಬಳಿ ಇತರ ನದಿಗಳೊಡನೆ ಸಮುದ್ರವನ್ನು ಸೇರುತ್ತದೆ.

ದಿಕ್ಕಿನ ವಿಚಾರ ಬಹುಮಂದಿ ಯೋಚಿಸದ ಸಂಗತಿ. ನಮ್ಮ ವಾಹನಗಳು ರಸ್ತೆಯ ಎಡಗಡೆಯಲ್ಲಿ ಚಲಿಸುವುದರಿಂದ, ದಕ್ಷಿಣದಿಂದ ಉತ್ತರಕ್ಕೆ ಹೋಗುವವರಿಗೆ ಮಾತ್ರ ಕಡಲು ತಮ್ಮ ಪಕ್ಕದಲ್ಲೇ ಇರುತ್ತದೆ. ಹೆದ್ದಾರಿಯನ್ನು ಮಕ್ಕಳೊಡನೆ ದಾಟುವ ಅಪಾಯ ತಪ್ಪುತ್ತದೆ. ಆದ್ದರಿಂದ ಮಧುಗಿರಿ, ಸಿರಾ, ಶಿವಮೊಗ್ಗ, ತೀರ್ಥಹಳ್ಳಿಗಳ ಮಾರ್ಗವಾಗಿ ಆಗುಂಬೆ ಘಟ್ಟವನ್ನಿಳಿದು ಹೆಬ್ರಿಯ ಮೇಲೆ ಕುಂದಾಪುರಕ್ಕೆ ಬನ್ನಿ. ಇದಕ್ಕೆ ಒಂದು ಹಗಲು ಪೂರ್ಣವಾಗಿ ಬೇಕು. ಬ್ರಹ್ಮಾವರದ ಕಡೆಯಿಂದ ಬಂದರೆ ಶಿವರಾಮ ಕಾರಂತರ ಹುಟ್ಟೂರಾದ ಕೋಟ ದಾರಿಯಲ್ಲೇ ಸಿಗುತ್ತದೆ. ರೈಲನ್ನು ಇಚ್ಛಿಸುವವರು ಬೆಂಗಳೂರಿಗೆ ಹೋಗಿ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದು ಕುಂದಾಪುರದಲ್ಲಿಳಿದು, ಅಲ್ಲಿ ಬಾಡಿಗೆ ಕಾರು ಮಾಡಿಕೊಳ್ಳಬಹುದು.

ಮರುದಿನ ಮಧ್ಯಾಹ್ನ ಕಳೆದ ಮೇಲೆ ಕುಂದಾಪುರವನ್ನು ಬಿಟ್ಟರೆ ಸೂರ್ಯಾಸ್ತಕ್ಕೆ ಮರವಂತೆಯಲ್ಲಿರುತ್ತೀರಿ. ದಡದ ಬಂಡೆಗಳನ್ನು ಹತ್ತಬೇಡಿ, ನೀರಿಗಿಳಿಯಬೇಡಿ. ಬೇರೆ ಯಾವ ಮಾತನ್ನು ಮರೆತರೂ ಇದನ್ನು ಮರೆಯಬಾರದೆಂದು ಪ್ರಾರ್ಥಿಸುತ್ತೇನೆ. ರಾತ್ರಿ ಮುರುಡೇಶ್ವರದಲ್ಲಿ ತಂಗಿ, ಜನಸಂದಣಿ ಸೇರುವ ಮುನ್ನ, ಬೆಳಗ್ಗೆಯೇ, 123 ಅಡಿಯ ಶಿವಮೂರ್ತಿಯನ್ನೂ ರಾಜಗೋಪುರವನ್ನೂ ನೋಡಿಬಿಡಿ. ಗೋಪುರಕ್ಕೆ ಲಿಫ್ಟ್ ಇರುವುದರಿಂದ ವೃದ್ಧರಿಗೆ ಆಯಾಸವಿಲ್ಲ. ಉಳಿದ ಹೊತ್ತನ್ನೆಲ್ಲ ಹೊನ್ನಾವರಕ್ಕೆ ಮುಂಚೆ ಸಿಗುವ ಕಾಸರಕೋಡಿಗೆ ಮೀಸಲಿಡಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಶುಭ್ರವಾದ ಕಡಲತೀರ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ಹಾಸಿದ ಕಾಲುದಾರಿ, ಶರಾವತಿಯ ಹಿನ್ನೀರಿನ ದೋಣಿಯಾನ, 2 ಕಿಲೋಮೀಟರಿಗೂ ಮಿಕ್ಕ ಕೊಂಕಣ ರೈಲ್ವೆಯ ಸೇತುವೆ, ಇಷ್ಟೂ ಅಲ್ಲಿ ಹತ್ತಿರಹತ್ತಿರದಲ್ಲೇ ಇವೆ. ದೋಣಿಯಲ್ಲಿ ಜೀವರಕ್ಷಕ ಅಂಗಿಯನ್ನು ಕೇಳಿ ಪಡೆಯಿರಿ.

ಹಿಂದಿರುಗುವಾಗ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವನ್ನು ಹತ್ತಿದರೆ, ಅಳಿವೆಯಲ್ಲಿ ಶಾಂತವಾಗಿ ಕಂಡ ಅದೇ ಶರಾವತಿ 253 ಮೀಟರು ಧುಮುಕುವ ಜೋಗವನ್ನೂ ನೋಡಿ ಸಾಗರ, ಶಿವಮೊಗ್ಗಗಳ ಮೇಲೆ ಊರು ಸೇರಬಹುದು. ಘಟ್ಟದ ತಿರುವುಗಳನ್ನು ಹಗಲಿನಲ್ಲೇ ದಾಟುವಂತೆ ಮಧ್ಯಾಹ್ನದೊಳಗೆ ಹೊರಡಿ. ಇಂಧನವನ್ನು ಹೊನ್ನಾವರದಲ್ಲೇ ತುಂಬಿಸಿಕೊಳ್ಳಿ.