ಹಲವು ಬಗೆಯ ಬೆಳಕು, ಒಂದೇ ಗುಂಡಿ

ನಮ್ಮ ಕಡೆ ಟಾರ್ಚಿಗೆ ‘ಬ್ಯಾಟ್ರಿ’ ಎಂದೇ ಹೆಸರು. ಎರಡು ಮೂರು ಸೆಲ್ಲು ಹಿಡಿಯುವ ಹಿತ್ತಾಳೆಯ ಹಳೆಯ ಬ್ಯಾಟ್ರಿಯನ್ನು ಬಳಸುವುದಕ್ಕೆ ಯಾರೂ ಯಾರಿಗೂ ಪಾಠ ಹೇಳಿಕೊಟ್ಟದ್ದಿಲ್ಲ. ಈಗ ಪೇಟೆಯಲ್ಲಿ ದೊರೆಯುವ ಎಲ್.ಇ.ಡಿ. ಟಾರ್ಚುಗಳು ಬೆಳಕಿನಲ್ಲಿ ಅದಕ್ಕಿಂತ ಎಷ್ಟೋ ಮೇಲು. ಕೈಗೆ ಸುಲಭವಾಗುವುದರಲ್ಲಿ ಮಾತ್ರ ಹಲವು ಅದಕ್ಕಿಂತ ಕೀಳು. ಸಂಘದ ಮಳಿಗೆಗೆ ಟಾರ್ಚು ತರಿಸಬೇಕೆಂದು ಸದಸ್ಯರು ಕೇಳುತ್ತಿರುವುದರಿಂದ, ಒಂದೇ ಗುಂಡಿಯಲ್ಲಿ ಹಲವು ಬಗೆಯ ಬೆಳಕನ್ನು ಅಡಗಿಸಿದಾಗ ಆ ಗುಂಡಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಇಲ್ಲಿ ವಿಚಾರ ಮಾಡೋಣ. ಬೆಲೆಯನ್ನೂ ಲ್ಯೂಮೆನ್ ಲೆಕ್ಕವನ್ನೂ ಡಬ್ಬಿಯ ಮೇಲೆ ಓದಿಕೊಳ್ಳಬಹುದು. ಗುಂಡಿಯ ಗುಣವನ್ನು ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಕೈಟಾರ್ಚಿಗೆ ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬಾತನಿಗೆ ಪೇಟೆಂಟು ದೊರೆತದ್ದು 1899ರಲ್ಲಿ. ಆಗಿನ ಸೆಲ್ಲು ದುರ್ಬಲ, ಬಲ್ಬಿನ ಇಂಗಾಲದ ತಂತಿಯೂ ಅಷ್ಟಕ್ಕಷ್ಟೆ. ಕ್ಷಣಹೊತ್ತು ಒತ್ತಿಹಿಡಿದು, ನೋಡಿ, ಬಿಟ್ಟುಬಿಡಬೇಕಾಗಿತ್ತು. ಅಮೆರಿಕದವರು ಇಂದಿಗೂ ಅದನ್ನು ಫ್ಲ್ಯಾಶ್‌ಲೈಟ್ ಎನ್ನುವುದು ಈ ಕಾರಣದಿಂದ. ಮುಂದೆ ಬಂದ ತಳ್ಳುಸ್ವಿಚ್ಚಿನ ಟಾರ್ಚನ್ನು ಹಿರಿಯರೆಲ್ಲ ಬಲ್ಲರು. ಹಿಂದಕ್ಕೆಳೆದರೆ ಕತ್ತಲು, ಪೂರ್ತಿ ಮುಂದಕ್ಕೆ ತಳ್ಳಿದರೆ ಬೆಳಕು, ನಡುವೆ ನಿಲ್ಲಿಸಿ ಸಣ್ಣ ಗುಂಡಿ ಒತ್ತಿದರೆ ಒತ್ತಿದಷ್ಟು ಹೊತ್ತು ಮಾತ್ರ ಬೆಳಕು. ಇದರಲ್ಲೂ ಮೂರು ಬಗೆಗಳಿದ್ದುವು, ಸರಿಯಷ್ಟೆ? ಆದರೆ ಸ್ವಿಚ್ಚು ಎಲ್ಲಿದೆ ಎಂಬುದೇ ದೀಪ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೆಬ್ಬೆರಳಿಗೆ ತಿಳಿಸುತ್ತಿತ್ತು. ಬೆಳಗಿಸದೆಯೇ, ನೋಡದೆಯೇ ಗೊತ್ತಾಗುತ್ತಿತ್ತು.

ಈಗಿನ ಅಗ್ಗದ ಟಾರ್ಚಿನಲ್ಲಿ ಗುಂಡಿ ಹೆಚ್ಚಾಗಿ ಬಾಲದಲ್ಲಿರುತ್ತದೆ. ಅರ್ಧ ಒತ್ತಿದಾಗ ವಿದ್ಯುತ್ತು ಕ್ಷಣಕಾಲ ಕಡಿಯುತ್ತದೆ. ಒಳಗಿನ ಸರ್ಕಿಟ್ಟು ಈ ಕಡಿತವನ್ನು ಗುರುತಿಸಿ ಮುಂದಿನ ಬಗೆಗೆ ಹೋಗುತ್ತದೆ. ಹೆಚ್ಚು, ಮಧ್ಯಮ, ಕಡಿಮೆ, ಬಳಿಕ ಸ್ಟ್ರೋಬ್ ಎಂಬ ಪಟಪಟನೆ ಮಿನುಗುವ ಬೆಳಕು, ಕೊನೆಗೆ ಎಸ್.ಒ.ಎಸ್. ಎಂಬ ಆಪತ್ತಿನ ಸಂಕೇತ, ಮತ್ತೆ ಮೊದಲಿನಿಂದ. ಗುಂಡಿ ಪ್ರತಿ ಸಲವೂ ತನ್ನ ಜಾಗಕ್ಕೇ ಮರಳುವುದರಿಂದ ನಾವು ಸುತ್ತಿನಲ್ಲಿ ಎಲ್ಲಿದ್ದೇವೆಂದು ಬೆರಳಿಗೆ ತಿಳಿಯದು, ತಲೆ ಲೆಕ್ಕವಿಡಬೇಕು. ತಯಾರಕರಿಗೆ ಇದು ಸುಲಭ. ಒಂದು ಬಗೆ ಹೆಚ್ಚಿಸಲು ಹೊಸ ಗುಂಡಿ ಬೇಡ, ಹೊಸ ತಂತಿಯೂ ಬೇಡ. ಡಬ್ಬಿಯ ಮೇಲೆ ‘ಐದು ಬಗೆ’ ಎಂದು ಅಚ್ಚು ಹಾಕಿದರಾಯಿತು.

ಕಷ್ಟವೆಲ್ಲ ಹಿಡಿದವನದು. ಫೆಬ್ರವರಿ-ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ನೀರು ಹಾಯಿಸುವ ಕಾಲ. ಕರೆಂಟು ಬಂದಿತೆಂದು ನಸುಕಿಗೆ ಮುಂಚೆ ಪಂಪಿನ ಕಡೆ ಹೊರಟವನ ಟಾರ್ಚು ಕಡಿಮೆ ಬೆಳಕಿನಲ್ಲಿದೆ ಎನ್ನಿ. ದಾರಿಯ ತರಗೆಲೆಯಲ್ಲಿ ಏನೋ ಸರಿದ ಸದ್ದು. ಅವನಿಗೆ ಬೇಕಾದದ್ದು ಹೆಚ್ಚಿನ ಬೆಳಕು. ಒತ್ತಿದರೆ ಬರುವುದು ಸ್ಟ್ರೋಬ್, ಇನ್ನೊಮ್ಮೆ ಒತ್ತಿದರೆ ಎಸ್.ಒ.ಎಸ್. ಮಿನುಗುವ ಬೆಳಕಿನಲ್ಲಿ ನೆಲವೆಲ್ಲ ಅಲುಗಿದಂತೆ ಕಾಣುತ್ತದೆ. ಬಿದ್ದಿರುವುದು ಪೈಪಿನ ತುಂಡೋ ಕೊಳಕುಮಂಡಲವೋ ಎಂದು ಹೇಳಲಾಗದು. ಸಕಲೇಶಪುರ, ಆಲೂರು, ವಿರಾಜಪೇಟೆ ಕಡೆಯ ಆನೆ ಓಡಾಡುವ ತೋಟಗಳಲ್ಲಿ ಇದಕ್ಕೆ ತಿರುಗುಮುರುಗಿನ ಕಷ್ಟವೂ ಉಂಟು. ದೀಪ ಆರಿಸಿ ಸದ್ದಿಲ್ಲದೆ ಹಿಂದೆ ಸರಿಯಬೇಕೆನ್ನುವವನ ಕೈಯಲ್ಲಿ ಟಾರ್ಚು ಮಿನುಗತೊಡಗಿದರೆ ಅವನ ಗತಿಯೇನು?

ಒಂದೇ ಗುಂಡಿ ಒಂದೊಂದು ಹೊತ್ತಿಗೆ ಒಂದೊಂದು ಕೆಲಸ ಮಾಡುವ ಈ ತೊಡಕು ಕಂಪ್ಯೂಟರಿನವರಿಗೂ ಹಳೆಯ ಪರಿಚಯ. ಕತ್ತರಿಸಿ ಅಂಟಿಸುವ ಕ್ರಮವನ್ನು ಕಂಪ್ಯೂಟರಿಗೆ ತಂದವರಲ್ಲಿ ಪ್ರಮುಖನಾದ ಲ್ಯಾರಿ ಟೆಸ್ಲರ್ ಇದರ ಕಡುವಿರೋಧಿ. 2020ರಲ್ಲಿ ತೀರಿಕೊಂಡ ಆತನ ಕಾರಿನ ನಂಬರ್ ಪ್ಲೇಟಿನಲ್ಲಿಯೂ ‘ನೋ ಮೋಡ್ಸ್’ ಎಂದೇ ಇತ್ತು. ಟಾರ್ಚಿನಲ್ಲಿ ಬಗೆಗಳು ಬೇಡವೇ ಬೇಡವೆನ್ನಲಾಗದು. ಕಾಫಿ ಕಣ ಕಾಯುವವನಿಗೆ ಬೇಕಾದ ಬೆಳಕು ಬೇರೆ, ಹಟ್ಟಿಯಲ್ಲಿ ಕರು ಹಾಕುವ ಹಸುವನ್ನು ನೋಡಿಕೊಳ್ಳುವವನಿಗೆ ಬೇಕಾದದ್ದು ಬೇರೆ. ಆದರೆ ಹೆಚ್ಚು, ಮಧ್ಯಮ, ಕಡಿಮೆ ಎಂಬುವು ಬೇರೆ ಬೇರೆ ಬಗೆಗಳೇ ಅಲ್ಲವೆಂದು ನನ್ನ ಎಣಿಕೆ. ಅವು ಒಂದೇ ಬೆಳಕಿನ ಏರಿಳಿತ. ನಲ್ಲಿ ತಿರುಗಿಸಿದಂತೆ ಏರಿಸಿ ಇಳಿಸುವಂತಿರಬೇಕು.

ಹೀಗೆ ಮಾಡಿದವರೂ ಇದ್ದಾರೆ. ‘ಆಂಡುರಿಲ್’ ಎಂಬ, ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಟಾರ್ಚಿನ ತಂತ್ರಾಂಶವೊಂದಿದೆ. ಹಲವು ತಯಾರಕರು ಅದನ್ನು ಅಳವಡಿಸುತ್ತಾರೆ. ಅದರಲ್ಲಿ ಒಮ್ಮೆ ಒತ್ತಿ ಬಿಟ್ಟರೆ ದೀಪ ಹತ್ತುತ್ತದೆ, ಮತ್ತೊಮ್ಮೆ ಒತ್ತಿ ಬಿಟ್ಟರೆ ಆರುತ್ತದೆ. ಹತ್ತಿರುವಾಗ ಒತ್ತಿಹಿಡಿದರೆ ಬೆಳಕು ಮೆಲ್ಲಗೆ ಏರುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಆರಿರುವಾಗ ಒತ್ತಿಹಿಡಿದರೆ ಅತ್ಯಂತ ಮಂದ ಬೆಳಕು, ಎರಡು ಸಲ ಬೇಗಬೇಗ ಒತ್ತಿದರೆ ಅತಿ ಹೆಚ್ಚಿನ ಬೆಳಕು. ದಿನನಿತ್ಯಕ್ಕೆ ಇಷ್ಟೇ ಸಾಕು. ಸ್ಟ್ರೋಬ್ ಇದೆ, ಆದರೆ ಹಾದಿಯಲ್ಲಿಲ್ಲ. ಬೇಕೆಂದೇ ಹುಡುಕಿ ಹೋದವನಿಗೆ ಮಾತ್ರ ಸಿಗುತ್ತದೆ. ಮೂರ್ಛೆರೋಗವಿರುವ ಕೆಲವರಿಗೆ ಮಿನುಗುವ ಬೆಳಕು ಅಪಾಯಕರವಾದ್ದರಿಂದಲೂ ಅದು ಅಲ್ಲೇ ಇರುವುದು ಲೇಸು. ನಾಲ್ಕು, ಏಳು, ಹತ್ತು ಒತ್ತುಗಳ ಗುಪ್ತವಿದ್ಯೆಯನ್ನೂ ಅದರಲ್ಲಿ ತುಂಬಿದ್ದಾರೆ. ಅದು ಹವ್ಯಾಸಿಗಳ ಪಾಡು.

ಮೆಟ್ಟಿಲು ಮೆಟ್ಟಿಲಾಗಿ ಏರುವ ಟಾರ್ಚಾದರೆ ಮೆಟ್ಟಿಲುಗಳ ಅಂತರವನ್ನು ನೋಡಬೇಕು. ನಮ್ಮ ಕಣ್ಣು ಬೆಳಕನ್ನು ಕೂಡಿಸಿ ಅಳೆಯುವುದಿಲ್ಲ, ಗುಣಿಸಿ ಅಳೆಯುತ್ತದೆ. 250, 500, 750, 1000 ಲ್ಯೂಮೆನ್ ಎಂದು ಸಮನಾಗಿ ಹಂಚಿದರೆ ಕಾಗದದ ಮೇಲೆ ಚೆಂದ. ಕಡೆಯ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಹತ್ತುವುದು ಅಪರೂಪ, ಮಂದ ಬೆಳಕಂತೂ ಇಲ್ಲವೇ ಇಲ್ಲ. 5, 30, 150, 700 ಎಂದಿಟ್ಟರೆ ಪ್ರತಿಯೊಂದೂ ಸ್ಪಷ್ಟವಾಗಿ ಬೇರೆ ಕಾಣುತ್ತದೆ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ನಡುರಾತ್ರಿ ಎದ್ದವನ ಮುಖಕ್ಕೆ 700 ಲ್ಯೂಮೆನ್ ಹೊಡೆದರೆ ಅಷ್ಟೂ ಹೋದಂತೆ.

ಕಳೆದ ಸಲ ಎಲ್ಲಿ ಆರಿಸಿದ್ದೆವೋ ಅಲ್ಲಿಂದಲೇ ಹತ್ತುವ ‘ನೆನಪಿನ’ ಟಾರ್ಚು ಒಳ್ಳೆಯದೋ, ಯಾವಾಗಲೂ ಒಂದೇ ಮಟ್ಟದಿಂದ ಹತ್ತುವುದು ಒಳ್ಳೆಯದೋ ಎಂಬ ಚರ್ಚೆಯಿದೆ. ಒಬ್ಬನೇ ಬಳಸುವ ಟಾರ್ಚಿಗೆ ನೆನಪಿರಲಿ. ಗೋದಾಮಿನ ಬಾಗಿಲಲ್ಲಿ ನೇತುಹಾಕಿ ಐದಾರು ಮಂದಿ ಬಳಸುವ ಟಾರ್ಚಿಗೆ ನೆನಪು ಬೇಡ. ಹಿಂದಿನವನು ಎಲ್ಲಿ ಬಿಟ್ಟಿದ್ದನೆಂದು ಮುಂದಿನವನಿಗೆ ಹೇಗೆ ಗೊತ್ತಾಗಬೇಕು? ಅದು ಸದಾ ಮಧ್ಯಮ ಬೆಳಕಿನಲ್ಲೇ ಹತ್ತಬೇಕು.

ಹಳೆಯ ಸೆಲ್ಲಿಗೆ ಇನ್ನೊಂದು ಸದ್ಗುಣವಿತ್ತು: ಸಾಯುವ ಮುಂಚೆ ಬೆಳಕು ಹಳದಿಯಾಗಿ, ಕೆಂಪಾಗಿ ಎಚ್ಚರಿಕೆ ಕೊಡುತ್ತಿತ್ತು. ಲಿಥಿಯಂ ಸೆಲ್ಲು ತುಂಬಿದಾಗ 4.2 ವೋಲ್ಟು, ಸುಮಾರು 3 ವೋಲ್ಟಿಗೆ ಇಳಿಯುವವರೆಗೂ ಸರ್ಕಿಟ್ಟು ಬೆಳಕನ್ನು ಒಂದೇ ಸಮನಾಗಿ ಎಳೆದುಕೊಂಡು ಹೋಗಿ, ಸೆಲ್ಲು ಕೆಡದಿರಲೆಂದು ತಟ್ಟನೆ ಕಡಿದುಬಿಡಬಹುದು. ನಡುತೋಟದಲ್ಲಿ ಹೀಗಾದರೆ ಕಷ್ಟ. ಆದ್ದರಿಂದ ಚಾರ್ಜು ಕಡಿಮೆಯಾದಂತೆ ಗುಂಡಿಯಲ್ಲಿ ಕೆಂಪು ಚುಕ್ಕಿ ಹೊತ್ತುವ, ಬೆಳಕು ತಾನಾಗಿ ಹಂತಹಂತವಾಗಿ ಇಳಿಯುವ ಟಾರ್ಚನ್ನೇ ಆರಿಸಬೇಕು.

ಪರೀಕ್ಷೆ ಸುಲಭ. ಟಾರ್ಚನ್ನು ಮೊದಲು ಕಂಡಿರದ ಒಬ್ಬರ ಒದ್ದೆ ಕೈಗೆ ಕೊಟ್ಟು, ಬಾಗಿಲು ಮುಚ್ಚಿದ ಗೋದಾಮಿನಲ್ಲಿ ‘ಹತ್ತಿಸಿ, ಪೂರ್ತಿ ಹೆಚ್ಚಿಸಿ, ಆರಿಸಿ’ ಎಂದಷ್ಟೇ ಹೇಳಿ, ಬಳಿಕ ತುಟಿ ಬಿಚ್ಚದೆ ನಿಲ್ಲಬೇಕು. ಯಾವ ಬೆಳಕಿನಲ್ಲಿದ್ದರೂ ಒಂದೇ ಒತ್ತಿಗೆ ಆರದ ಟಾರ್ಚನ್ನು, ಬೇಡದೆಯೇ ಸ್ಟ್ರೋಬ್ ಬರುವ ಟಾರ್ಚನ್ನು ಬದಿಗಿಡಬಹುದು. ಮಳಿಗೆಗೆ ಬರುವ ಮಾದರಿಗಳನ್ನು ಹೀಗೆಯೇ ಪರೀಕ್ಷಿಸಲು ಸದಸ್ಯರ ಮನೆಯ ಹೆಂಗಸರೂ ಕೆಲಸಗಾರರೂ ಬರಬೇಕೆಂದು ಕೋರಿಕೆ. ಹೆಚ್ಚು ಹೊತ್ತು ಟಾರ್ಚು ಹಿಡಿಯುವವರು ಅವರೇ.

ಮನೆಯಲ್ಲಿ ಈಗಾಗಲೇ ಇರುವ ಟಾರ್ಚಿನ ಬಗ್ಗೆ ಒಂದು ಮಾತು. ಚೀಲದಲ್ಲಿ ಗುಂಡಿ ಒತ್ತಿಕೊಂಡರೆ ಸೆಲ್ಲು ಬರಿದಾಗುವುದಲ್ಲದೆ, ಬಲವಾದ ಟಾರ್ಚು ಬಟ್ಟೆ ಸುಡುವಷ್ಟು ಬಿಸಿಯಾಗಬಹುದು. ಬಾಲದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಹಲವು ಟಾರ್ಚುಗಳಲ್ಲಿ ವಿದ್ಯುತ್ತು ಕಡಿದುಹೋಗುತ್ತದೆ. ಮುಚ್ಚಳದ ಮರೆಗೆ ವಿದ್ಯುತ್ತು ಹರಿಯದ ಲೇಪವಿದ್ದರೆ ಮಾತ್ರ ಹೀಗಾಗುವುದು. ಬರಿಯ ಲೋಹದ ಮರೆಯಿದ್ದಲ್ಲಿ ಈ ಉಪಾಯ ನಡೆಯದು, ಸೆಲ್ಲನ್ನು ಹೊರತೆಗೆದೇ ಇಡಬೇಕು.