ನೀರಿನಿಂದ ಜಲಜನಕ: ಕ್ರಿಯಾವರ್ಧಕದ ಬಾಳಿಕೆ

ನೀರು ಜಲಜನಕ, ಆಮ್ಲಜನಕಗಳ ಸಂಯುಕ್ತವೆಂಬುದನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. 1800ರಲ್ಲಿ ಲಂಡನ್ ನಗರದಲ್ಲಿ ನಿಕಲ್ಸನ್, ಕಾರ್ಲೈಲ್ ಎಂಬಿಬ್ಬರು ವೋಲ್ಟಾನ ವಿದ್ಯುತ್ಕೋಶದಿಂದ ಹಿತ್ತಾಳೆಯ ತಂತಿಗಳನ್ನು ನೀರಿಗೆ ಇಳಿಸಿದಾಗ, ಒಂದು ತಂತಿಯಿಂದ ಜಲಜನಕವು ಹೊರಟಿತು. ಇನ್ನೊಂದು ತಂತಿಯೇ ಕಿಲುಬು ಹಿಡಿದು ಕೆಟ್ಟಿತು. ಪ್ಲಾಟಿನಂ ತಂತಿಗಳನ್ನಿಟ್ಟ ಮೇಲೆಯೇ ಎರಡು ಅನಿಲಗಳೂ ದೊರೆತವು. ಅಂದು ಕಂಡ ತೊಡಕು ಇಂದಿಗೂ ಪೂರ್ತಿಯಾಗಿ ಬಿಟ್ಟಿಲ್ಲ.

ನಮ್ಮ ಗದ್ದೆಗಳಿಗೆ ಹಾಕುವ ಯೂರಿಯಾ ಗೊಬ್ಬರಕ್ಕೂ ಜಲಜನಕವು ಬೇಕು. ಅದನ್ನು ಈಗ ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಜೊತೆಯಲ್ಲಿ ಇಂಗಾಲಾಮ್ಲವಾಯುವೂ ಹುಟ್ಟುವುದು. ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದರೆ ಆ ದೋಷವಿಲ್ಲ.

ನೀರು ಒಡೆಯಲು ಲೆಕ್ಕದಂತೆ 1.23 ವೋಲ್ಟ್ ಸಾಕು. ವಾಸ್ತವದಲ್ಲಿ ಹೆಚ್ಚು ಬೇಕಾಗುವುದು. ಈ ಹೆಚ್ಚಳವನ್ನು ತಗ್ಗಿಸತಕ್ಕ ಪದಾರ್ಥವೇ ಕ್ರಿಯಾವರ್ಧಕ. ಅದು ತಾನು ವ್ಯಯವಾಗದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಸಮೀಕರಣದ ಮಟ್ಟಿಗೆ ಇದು ಸರಿ; ಆಮ್ಲಜನಕವು ಹೊರಡುವ ಧನಾಗ್ರದ ಮೇಲೆ ಸರಿಯಲ್ಲ. ಹಿತ್ತಾಳೆಯ ಪಾತ್ರೆಯಲ್ಲಿ ದಿನವೂ ಹುಣಿಸೆಯ ಸಾರು ಕುದಿಸಿದರೆ ಕಲಾಯಿಯು ಹೇಗೆ ಸವೆಯುವುದೋ, ಹಾಗೆಯೇ ಆಮ್ಲದ ನಡುವೆ ಬಹುತೇಕ ಲೋಹಗಳು ಕರಗಿಹೋಗುವುವು. ಅಲ್ಲಿ ಬಹುಕಾಲ ತಾಳತಕ್ಕದ್ದು ಇರಿಡಿಯಂ ಆಕ್ಸೈಡು. ಅದಾದರೋ ಪ್ರಪಂಚದಲ್ಲೆಲ್ಲಾ ವರ್ಷಕ್ಕೆ ಏಳೆಂಟು ಟನ್ನಿನಷ್ಟು ಇರಿಡಿಯಂ ಮಾತ್ರ ದೊರೆಯುವುದು, ಬಹುಪಾಲು ದಕ್ಷಿಣ ಆಫ್ರಿಕದ ಗಣಿಗಳಿಂದ. ಕ್ಷಾರದ್ರಾವಣದ ಯಂತ್ರಗಳಲ್ಲಿ ಅಗ್ಗದ ನಿಕಲ್ ತಾಳುವುದು ನಿಜವೇ. ಆದರೆ ಬಿಸಿಲಿನಂತೆ ಏರಿಳಿಯುವ ವಿದ್ಯುತ್ತಿಗೆ ಆಮ್ಲಪೊರೆಯ ಯಂತ್ರವೇ ಹೆಚ್ಚು ಹೊಂದಿಕೊಳ್ಳುವುದು.

ಗಿಡದ ಎಲೆಯು ಇದೇ ಕಾರ್ಯವನ್ನು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಪರಮಾಣುಗಳಿಂದ ನಡೆಸುತ್ತದೆ. ಅವುಗಳಿಗೆ ಆಸರೆಯಾದ ಪ್ರೋಟೀನು ಬಿಸಿಲಿಗೆ ಕೆಡುತ್ತಲೇ ಇರುವುದು. ಎಲೆಯು ಅದನ್ನು ತೆಗೆದು ಹೊಸದನ್ನು ಕೂಡಿಸುತ್ತಲೇ ಇರುವುದು. ಕಲಾಯಿಗಾರನು ಮನೆಯಲ್ಲಿಯೇ ವಾಸವಾಗಿದ್ದಂತೆ! ಅಮೆರಿಕದ ಎಂ.ಐ.ಟಿ.ಯಲ್ಲಿ ನೊಸೆರ, ಕನನ್ ಎಂಬವರು 2008ರಲ್ಲಿ ಪ್ರಕಟಿಸಿದ ಕೋಬಾಲ್ಟ್ ಫಾಸ್ಫೇಟಿನ ಲೇಪಕ್ಕೂ ಈ ಗುಣವುಂಟು: ಕರಗಿದ ಕೋಬಾಲ್ಟು ವಿದ್ಯುತ್ತು ಹರಿಯುತ್ತಿರುವಾಗ ಧನಾಗ್ರಕ್ಕೆ ಮರಳಿ ಅಂಟಿಕೊಳ್ಳುವುದು. ತೀಕ್ಷ್ಣವಾದ ಆಮ್ಲಕ್ಕೆ ಮಾತ್ರ ಅದು ಒಗ್ಗದು.

2019ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯವರು ಬೇರೆ ಮಾರ್ಗವನ್ನು ಹಿಡಿದರು. ಮ್ಯಾಂಗನೀಸ್ ಆಕ್ಸೈಡು ಎಷ್ಟು ವೋಲ್ಟಿನವರೆಗೆ ಕರಗದೆಂದು ಗೊತ್ತುಮಾಡಿ, ಆ ಮಿತಿಯನ್ನು ಮೀರದೆ ಆಮ್ಲದಲ್ಲಿ 8000 ಗಂಟೆಗಳ ಕಾಲ, ಅಂದರೆ ಸುಮಾರು ಹನ್ನೊಂದು ತಿಂಗಳು, ನಡೆಸಿದರು. ಈ ತಾಳ್ಮೆಯ ಕೆಲಸವು ನನಗೆ ಬಹಳ ಮೆಚ್ಚುಗೆಯಾಯಿತು. ಪ್ರವಾಹವು ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಮಾತ್ರವಿತ್ತು. ಕಾರ್ಖಾನೆಯ ಯಂತ್ರವು ಅದರ ನೂರು ಪಟ್ಟನ್ನು ಹೊತ್ತು ಅನೇಕ ವರ್ಷ ನಡೆಯಬೇಕಾಗಿದೆ.