ಹೊನೊಲುಲು ನಗರವೂ ಅದರ ಸುತ್ತಣ ನೋಡತಕ್ಕ ಸ್ಥಳಗಳೂ

ಉಷ್ಣವಲಯದ ಸಮುದ್ರತೀರದ ವಿಹಾರನಗರವೆಂದೊಡನೆ ಬಿಳಿಯ ಮರಳು, ತೆಂಗಿನ ಸಾಲು, ನೀಲಿಯ ನೀರು ಇವೇ ನಮ್ಮ ಮನಸ್ಸಿಗೆ ತೋರುವುವು. ಇವನ್ನು ಕಂಡು ಸಂತೋಷಪಡುವುದು ಸಹಜವೇ. ಆದರೆ ಒಂದು ಊರನ್ನು ನೋಡಿ ಬರುವುದು ಬೇರೆ, ಅದನ್ನು ತಿಳಿದು ಬರುವುದು ಬೇರೆ. ಈ ಭೇದವನ್ನು ವಿಚಾರಿಸುವುದಕ್ಕಾಗಿ ನಾವು ಶಾಂತಸಾಗರದ ನಡುವೆ, ಹವಾಯಿ ದ್ವೀಪಸಮೂಹದ ಓಆಹು ದ್ವೀಪದಲ್ಲಿರುವ ಹೊನೊಲುಲು ನಗರವನ್ನು ಈ ಪಾಠಕ್ಕೆ ಆರಿಸಿಕೊಂಡಿದ್ದೇವೆ.

ಈ ನಗರವು ಸುಮಾರು 21 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಈಶಾನ್ಯದಿಂದ ಬೀಸುವ ವಾಣಿಜ್ಯಮಾರುತಗಳ ದೆಸೆಯಿಂದ ಬಿಸಿಲಿನ ತಾಪವು ಅಷ್ಟಾಗಿ ತೋರದು. ಆ ಗಾಳಿಯು ಹೊತ್ತು ತಂದ ಮಳೆಯ ಬಹುಭಾಗವು ಬೆಟ್ಟಗಳ ಮೇಲೆ ಸುರಿದುಹೋಗುವುದರಿಂದ, ಬೆಟ್ಟಗಳ ಮರೆಯಲ್ಲಿರುವ ತೀರವು ಒಣಹವೆಯುಳ್ಳದ್ದಾಗಿದೆ.

ಪ್ರವಾಸಿಗಳು ಮೊದಲು ಸೇರುವುದು ವೈಕೀಕಿ ಎಂಬ ತೀರವನ್ನು. ಈ ಹೆಸರಿಗೆ ಚಿಮ್ಮುವ ನೀರು ಎಂದರ್ಥ. ಈಗ ಎತ್ತರವಾದ ಹೋಟೆಲುಗಳಿರುವ ಈ ಸ್ಥಳವು ಪೂರ್ವದಲ್ಲಿ ಜೌಗುನೆಲವಾಗಿದ್ದಿತು. ಅಲ್ಲಿ ಮೀನಿನ ಕೊಳಗಳೂ ಕೆಸುವಿನ ಗದ್ದೆಗಳೂ ಇದ್ದವು. ನಮ್ಮ ಕರಾವಳಿಯಲ್ಲಿ ಪತ್ರೊಡೆಗೆ ಎಲೆ ಕೊಡುವ ಕೆಸುವಿನ ಗಡ್ಡೆಯೇ ಪೂರ್ವದಲ್ಲಿ ಆ ದ್ವೀಪದವರ ಮುಖ್ಯಾಹಾರವಾಗಿದ್ದಿತು. 1920ರ ದಶಕದಲ್ಲಿ ಆಲಾ ವೈ ಎಂಬ ಕಾಲುವೆಯನ್ನು ತೋಡಿ ನೀರನ್ನು ಬಸಿದುದರಿಂದ ಗದ್ದೆಗಳು ಹೋಗಿ ಹೋಟೆಲುಗಳಿಗೆ ನೆಲ ದೊರೆಯಿತು. ತೀರದ ಮರಳಿನಲ್ಲಿಯೂ ಬಹುಪಾಲು ಹೊರಗಿನಿಂದ ತಂದು ಸುರಿದದ್ದು. ಅಲೆಗಳು ಅದನ್ನು ಸೆಳೆದೊಯ್ದಂತೆ ಮತ್ತೆ ತುಂಬಬೇಕಾಗುತ್ತದೆ.

ತೀರದ ಪೂರ್ವಕ್ಕೆ ಡೈಮಂಡ್ ಹೆಡ್ ಎಂಬ ಆರಿದ ಜ್ವಾಲಾಮುಖಿಯಿದೆ. ಹೊಳೆಯುವ ಹರಳುಗಳನ್ನು ನಾವಿಕರು ವಜ್ರಗಳೆಂದು ಭ್ರಮಿಸಿದುದರಿಂದ ಈ ಹೆಸರು ಬಂದಿತು. 1908ರಲ್ಲಿ ಸೈನ್ಯಕ್ಕಾಗಿ ಮಾಡಿದ ಕಾಲುದಾರಿಯಲ್ಲಿ ಸುಮಾರು 760 ಅಡಿಯ ಶಿಖರವನ್ನೇರಬಹುದು. ಇನ್ನೂ ಪೂರ್ವಕ್ಕಿರುವ ಹನೌಮಾ ಕೊಲ್ಲಿಯಲ್ಲಿ ಹವಳದ ದಿಬ್ಬಗಳೂ ಬಣ್ಣಬಣ್ಣದ ಮೀನುಗಳೂ ಇವೆ. ಇದು 1967ರಿಂದ ಸಂರಕ್ಷಿತ ಸ್ಥಳ. ಹವಳವು ಕಲ್ಲಲ್ಲ, ಜೀವಿ. ಅದನ್ನು ತುಳಿಯಬಾರದೆಂದು ಬಂದವರಿಗೆ ಮೊದಲೇ ಬೋಧಿಸಿ ಬಳಿಕ ನೀರಿಗಿಳಿಯಗೊಡುತ್ತಾರೆ.

ನಗರದೊಳಗೆ ಕವೈಅಹಾವೊ ಎಂಬ ದೇವಾಲಯವಿದೆ. ದ್ವೀಪದ ಜನರು ಸಮುದ್ರದಲ್ಲಿ ಮುಳುಗಿ ಕಡಿದು ತಂದ ಸುಮಾರು 14,000 ಹವಳದ ಕಲ್ಲುಗಳಿಂದ ಕಟ್ಟಲ್ಪಟ್ಟ ಈ ಆಲಯವು 1842ರಲ್ಲಿ ಪೂರ್ಣವಾಯಿತು. 1820ರಲ್ಲಿ ಅಮೆರಿಕದಿಂದ ಬಂದ ಮಿಷನೆರಿಗಳು ಹವಾಯಿ ಭಾಷೆಗೆ ಲಿಪಿಯನ್ನು ಏರ್ಪಡಿಸಿ, 1822ರಲ್ಲಿ ಮುದ್ರಣವನ್ನು ಆರಂಭಿಸಿದರು.

ಅದರ ಸಮೀಪದಲ್ಲಿಯೇ 1882ರಲ್ಲಿ ಕಟ್ಟಿ ಮುಗಿಸಿದ ಇಓಲಾನಿ ಅರಮನೆಯಿದೆ. 1893ರಲ್ಲಿ ಲಿಲಿಉಓಕಲಾನಿ ರಾಣಿಯನ್ನು ಸಿಂಹಾಸನದಿಂದ ತಳ್ಳಿದವರಲ್ಲಿ ಅದೇ ಮಿಷನೆರಿಗಳ ಸಂತತಿಯವರೂ ಇದ್ದರೆಂಬುದನ್ನು ನಾವು ಮರೆಮಾಚಬಾರದು. 1895ರಲ್ಲಿ ರಾಣಿಯು ಈ ಅರಮನೆಯ ಒಂದು ಕೋಣೆಯಲ್ಲಿಯೇ ಸೆರೆಯಾಗಿದ್ದಳು. ಆಗ ಆಕೆಯು ಸಖಿಯರೊಡನೆ ತುಂಡುಬಟ್ಟೆಗಳನ್ನು ಕೂಡಿಸಿ ಒಂದು ಕೌದಿಯನ್ನು ಹೊಲಿದು, ತನ್ನ ಬಂಧನದ ವೃತ್ತಾಂತವನ್ನು ಅದರಲ್ಲಿ ಕಸೂತಿಯಿಂದ ಬರೆದಳು. ಆ ಕೌದಿಯನ್ನು ಇಂದಿಗೂ ಅಲ್ಲಿ ಕಾಪಾಡಿಟ್ಟಿದ್ದಾರೆ. 1896ರ ಕಾನೂನಿನಿಂದ ಶಾಲೆಗಳಲ್ಲಿ ಇಂಗ್ಲಿಷು ಬೋಧನಭಾಷೆಯಾಗಿ, ಮಕ್ಕಳ ಬಾಯಿಂದ ಸ್ವಭಾಷೆಯು ಕ್ರಮೇಣ ಜಾರಿತು. 1978ರಲ್ಲಿ ಅದು ಇಂಗ್ಲಿಷಿನೊಡನೆ ರಾಜ್ಯಭಾಷೆಯಾಯಿತು; 1987ರಲ್ಲಿ ಸರಕಾರಿ ಶಾಲೆಗಳಲ್ಲಿ ಆ ಭಾಷೆಯ ಮೂಲಕ ಬೋಧನೆಯು ಪುನಃ ಆರಂಭವಾಯಿತು.

ಪಶ್ಚಿಮಕ್ಕೆ ಪರ್ಲ್ ಹಾರ್ಬರ್ ಬಂದರವಿದೆ. 1941ನೆಯ ಡಿಸೆಂಬರ್ 7ರಂದು ನಡೆದ ಜಪಾನೀಯರ ದಾಳಿಯಲ್ಲಿ ಅರಿಜೋನಾ ಎಂಬ ಯುದ್ಧನೌಕೆಯೊಂದರಲ್ಲಿಯೇ 1,177 ಮಂದಿ ಮಡಿದರು. ಮುಳುಗಿದ ನೌಕೆಯ ಮೇಲ್ಗಡೆ, ಅದನ್ನು ಸೋಕದಂತೆ, ಕಟ್ಟಿದ ಸ್ಮಾರಕವು 1962ರಲ್ಲಿ ತೆರೆಯಲ್ಪಟ್ಟಿತು. ನೌಕೆಯ ಎಣ್ಣೆಯು ಇಂದಿಗೂ ತೊಟ್ಟುತೊಟ್ಟಾಗಿ ನೀರಿನ ಮೇಲಕ್ಕೆ ಬರುತ್ತಿದೆ.

ಹೀಗೆ ಒಂದೇ ಊರಿನಲ್ಲಿ ಗದ್ದೆಯ ನೆಲವೂ ರಾಣಿಯ ಸೆರೆಮನೆಯೂ ಯೋಧರ ಸಮಾಧಿಯೂ ಇವೆ. ಹಾಯಾಗಿ ಕೆಲವು ದಿನ ಕಳೆಯಲು ಹೋದವರಿಗೆ ಇವೆಲ್ಲ ತಾವಾಗಿ ಕಾಣವು, ಕೇಳಿದವರಿಗೆ ಕಾಣುವುವು. ಆದುದರಿಂದ ಪೂರ್ವವಿದ್ಯಾರ್ಥಿನಿಯರೂ ತಾಯಿತಂದೆಗಳೂ ಮಕ್ಕಳನ್ನು ಯಾವ ಸಮುದ್ರತೀರಕ್ಕೆ ಕರೆದೊಯ್ದರೂ, ಇಲ್ಲಿ ಮೊದಲು ಯಾರಿದ್ದರು, ಏನು ಬೆಳೆಯುತ್ತಿದ್ದರು, ಯಾವ ಭಾಷೆಯನ್ನಾಡುತ್ತಿದ್ದರು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದಕ್ಕೆ ಅವರಿಗೆ ಕಲಿಸಬೇಕೆಂದು ಬಿನ್ನಯಿಸುತ್ತೇವೆ.